ರಾಯ್ಸ್ ಟಿಡ್‌ವೆಲ್‌ನ ಬಲಗೈ

ಟಾಲ್ಬೆಟ್ ಊರಿನಲ್ಲಿ ರಾಯ್ಸ್ ಟಿಡ್‌ವೆಲ್‌ಗೆ ಕಾಫಿ ಬಿಟ್ಟಿ. ಇವತ್ತು ನಿನ್ನೆಯ ಮಾತಲ್ಲ, ನಲವತ್ತು ವರ್ಷದಿಂದ ಬಿಟ್ಟಿ. ಮೇಹ್ಯೂ ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲೆ ಅವನ ಫೋಟೋ ತೂಗುಹಾಕಿದ್ದಾರೆ. ಫೋಟೋದಲ್ಲಿರುವವನಿಗೆ ಇಪ್ಪತ್ತೊಂದು ವರ್ಷ, ಹತ್ತೊಂಬತ್ತನೇ ನಂಬರಿನ ಬೇಸ್‌ಬಾಲ್ ಅಂಗಿ, ಚೆಂಡು ಹಿಡಿದ ಬಲಗೈ ತಲೆಯ ಹಿಂದೆ. ಅದರ ಕೆಳಗೇ ಕುಳಿತು ಎಡಗೈಯಲ್ಲಿ ಕಪ್ಪು ಎತ್ತುವವನಿಗೆ ಅರವತ್ತೊಂದು. ಹೊಸಬರು ಬಂದರೆ ಮೊದಲು ಫೋಟೋ ನೋಡುತ್ತಾರೆ, ಆಮೇಲೆ ಇವನನ್ನು ನೋಡುತ್ತಾರೆ, ಆಮೇಲೆ ಇನ್ನೊಮ್ಮೆ ಫೋಟೋ ನೋಡುತ್ತಾರೆ. ಇದನ್ನೆಲ್ಲ ಸಹಿಸಿಕೊಂಡು ಕುಡಿಯುವ ಕಾಫಿಯನ್ನು ಬಿಟ್ಟಿ ಎಂದು ಕರೆಯುವುದು ನಮ್ಮೂರಿನವರ ಧಾರಾಳತನ.

ಆ ಫೋಟೋದ ದಿನದ ಕತೆಯನ್ನು ರಾಯ್ಸ್ ಹೇಳಬೇಕಾಗಿಲ್ಲ. ಅದಕ್ಕೆ ಹೋಟೆಲಿನ ಯಜಮಾನ ಓಟಿಸ್ ಮೇಹ್ಯೂ ಇದ್ದಾನೆ. ಆ ದಿನ ರಾಯ್ಸ್ ಎಸೆದ ಒಂದೊಂದು ಚೆಂಡನ್ನೂ ಬ್ಯಾಟಿನವನ ಹಿಂದೆ ಕುಕ್ಕರುಗಾಲಲ್ಲಿ ಕುಳಿತು ಹಿಡಿದ ಕ್ಯಾಚರ್ ಅವನೇ. ಓಟಿಸ್ ಹೇಳುತ್ತಾನೆ, ರಾಯ್ಸ್ ಪಕ್ಕದಲ್ಲಿ ಕುಳಿತಿರುತ್ತಾನೆ. ಸಾಕ್ಷಿ ಇದ್ದ ಹಾಗೆ.

ರಾಯ್ಸ್ ಊರಿನ ಹೊರಗಿನ ಪೈನ್ ಕಾಡಿನ ಅಂಚಿನಲ್ಲಿ ಹುಟ್ಟಿದವನು. ಅಪ್ಪ ಹಾಲಿಸ್ ಕಾಗದದ ಕಾರ್ಖಾನೆಗೆ ಮರ ಸಾಗಿಸುವ ಲಾರಿ ಓಡಿಸುತ್ತಿದ್ದ. ಚರ್ಚಿನ ಊಟದ ದಿನ ಬೇಲಿ ಮೇಲಿಟ್ಟ ಡಬ್ಬಿಗಳನ್ನು ಹುಡುಗ ಕಲ್ಲು ಹೊಡೆದು ಒಂದೊಂದಾಗಿ ಉರುಳಿಸುತ್ತಿದ್ದುದನ್ನು ಟಾಲ್ಬೆಟ್ ಕಾಲೇಜಿನ ಬೇಸ್‌ಬಾಲ್ ಕೋಚ್ ಹಾರ್ಗೆಟ್ ನೋಡಿದ. ಮುಂದಿನ ಭಾನುವಾರ ಮನೆಗೇ ಬಂದ. ಜೋಳದ ರೊಟ್ಟಿ, ಅಲಸಂದೆ ಕಾಳು ಹೊಟ್ಟೆ ತುಂಬ ತಿಂದು, ತಟ್ಟೆ ಸರಿಸಿ, "ಅಮ್ಮಾ, ನಿಮ್ಮ ಹುಡುಗನ ಕೈ ನನಗೆ ಬೇಕು" ಅಂದ.

ರಾಯ್ಸ್‌ನ ತಾಯಿ ವರ್ಲೀನ್ ಬಾಯಿಗೆ ಕಡಿಮೆಯವಳಲ್ಲ. "ಬರೀ ಕೈ ಯಾಕೆ ಕೋಚ್? ಪೂರ್ತಿ ಹುಡುಗನ್ನೇ ಕರ್ಕೊಂಡ್ಹೋಗಿ. ತಿನ್ನೋದು ವಿಪರೀತ ಆಗಿದೆ."

ಎಲ್ಲರೂ ನಕ್ಕರು. ಹಾಗೆ ಹುಡುಗ ಕಾಲೇಜು ಸೇರಿದ.

ಹಾರ್ಗೆಟ್ ಒಳ್ಳೆಯ ಕೋಚ್. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದಕ್ಕೆ ಅರ್ಥವಿಲ್ಲ. ಅವನ ಹತ್ತಿರ ಒಂದು ನಿಯಮವಿತ್ತು. ಮೊದಲ ದಿನವೇ ಚೆಂಡು ಎಸೆಯುವ ಪಿಚರ್‌ಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಹೇಳುತ್ತಿದ್ದ: "ಆಟದ ಮಧ್ಯೆ ನೀವಾಗಿ ಬಂದು ಕೈ ನೋವು ಅನ್ನಂಗಿಲ್ಲ. ಅಲ್ಲಿ ನಿಂತ ಪ್ರತಿಯೊಬ್ಬನಿಗೂ ಏನಾದ್ರೂ ನೋಯ್ತಾನೇ ಇರುತ್ತೆ. ನಾನು ಬಂದು ಕೇಳ್ತೀನಿ. ಕೇಳ್ದಾಗ ಸುಳ್ಳು ಹೇಳಿದ್ರೋ, ಚರ್ಮ ಸುಲೀತೀನಿ."

ಹೇಳಿದಂತೆ ಕೇಳುತ್ತಲೂ ಇದ್ದ. ಪ್ರತಿ ಇನಿಂಗ್ಸ್ ಮುಗಿದು ಹುಡುಗರು ಬೆಂಚಿಗೆ ಮರಳಿದಾಗ ರಾಯ್ಸ್‌ನ ಬಲಕ್ಕೆ ಬಂದು ಕುಳಿತು, ಮೊಣಕೈ ಮೇಲೆ ಎರಡು ಬೆರಳಿಟ್ಟು, ಮೈದಾನ ನೋಡುತ್ತಲೇ ಕೇಳುವನು: "ಕೈ ಹೇಗಿದೆ, ಮಗಾ?" ಎರಡು ಸಲ ರಾಯ್ಸ್ "ಎಳೀತಿದೆ ಕೋಚ್" ಅಂದಿದ್ದ. ಎರಡು ಸಲವೂ ಹಾರ್ಗೆಟ್ ಮರುಮಾತಿಲ್ಲದೆ, "ಸಾಕು ಇವತ್ತಿಗೆ, ಕೂತ್ಕೋ" ಎಂದು ಬೇರೆಯವನನ್ನು ಕಳಿಸಿದ್ದ. ಒಂದು ಸಲ ಅದರಿಂದ ಆಟವೇ ಸೋತಿತು. ಹಾರ್ಗೆಟ್ ಅದರ ಬಗ್ಗೆ ತುಟಿ ಬಿಚ್ಚಲಿಲ್ಲ. ಹುಡುಗ ತನ್ನ ಕೈಯ ಚಿಂತೆಯನ್ನು ಆ ಎರಡು ಬೆರಳಿಗೆ ಒಪ್ಪಿಸಿ ನಿಶ್ಚಿಂತನಾದ.

ಮೂರನೇ ವರ್ಷದ ಹೊತ್ತಿಗೆ ರಾಯ್ಸ್ ಎಸೆದರೆ ಊರು ಅಂಗಡಿ ಮುಚ್ಚಿ ಬರುತ್ತಿತ್ತು. ಬೇಯಿಸಿದ ಶೇಂಗಾ ಮಾರುತ್ತಿದ್ದ ಲೋರ್ನಾ ಎಂಬ ಹುಡುಗಿ ಅವನು ಎಸೆಯುವಾಗ ಗಿರಾಕಿಗಳಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದಳು. ದೊಡ್ಡ ತಂಡಗಳ ಕಡೆಯಿಂದ ಒಣಹುಲ್ಲಿನ ಟೋಪಿಯ ಗಂಡಸರು ಬಂದು ವೇಗ ಅಳೆಯುವ ಯಂತ್ರ ಹಿಡಿದು, ನಗದೆ, ಬರೆದುಕೊಂಡು ಹೋಗುತ್ತಿದ್ದರು. ಜೂನ್‌ನಲ್ಲಿ ಆ ತಂಡಗಳು ಹೊಸ ಹುಡುಗರನ್ನು ಆರಿಸಿಕೊಳ್ಳುತ್ತವೆ. ಅಪ್ಪ ಹಾಲಿಸ್ ಆ ವಸಂತದಲ್ಲಿ ಲಾರಿಯನ್ನು ಎರಡು ಸಲ ತೊಳೆದ. ಅದು ಹಸಿರು ಲಾರಿ ಎಂದು ಊರಿಗೆ ಗೊತ್ತಾದದ್ದೇ ಆಗ.

ಸಾವಿರದ ಒಂಬೈನೂರ ಎಂಬತ್ತನಾಲ್ಕರ ಮೇ ತಿಂಗಳ ಒಂದು ಶನಿವಾರ, ಮಧ್ಯಾಹ್ನ ಎರಡಕ್ಕೆ ವಿನ್‌ಬರೋ ಕಾಲೇಜಿನ ಮೇಲೆ ಆಟ. ಒಂಬತ್ತು ಇನಿಂಗ್ಸ್, ಒಂದೊಂದಕ್ಕೆ ಮೂರರಂತೆ ಇಪ್ಪತ್ತೇಳು ಔಟು. ಮೊದಲ ಹದಿನೈದು ಔಟಿನವರೆಗೆ ವಿನ್‌ಬರೋದ ಒಬ್ಬನ ಬ್ಯಾಟಿನಿಂದಲೂ ಒಂದು ನೆಟ್ಟಗಿನ ಹೊಡೆತ ಹೊರಡಲಿಲ್ಲ. ಐದನೇ ಇನಿಂಗ್ಸ್ ಮುಗಿಸಿ ರಾಯ್ಸ್ ಬೆಂಚಿಗೆ ಬಂದಾಗ ಅವನು ಕೂರುವ ಕಡೆಯೆಲ್ಲ ಖಾಲಿಯಾಗಿತ್ತು.

ಬೇಸ್‌ಬಾಲ್ ಆಡುವ ಜನಕ್ಕೆ ಒಂದು ಕಟ್ಟುಪಾಡಿದೆ. ಒಬ್ಬ ಪಿಚರ್ ಒಂದು ಹೊಡೆತವನ್ನೂ ಬಿಟ್ಟುಕೊಡದೆ ಆಟದ ಅರ್ಧ ದಾಟಿದನೆಂದರೆ ಅವನ ಜೊತೆ ಯಾರೂ ಮಾತಾಡಬಾರದು. ಪಕ್ಕದಲ್ಲಿ ಕೂರಬಾರದು. ಮುಖ ನೋಡಬಾರದು. ಆಗುತ್ತಿರುವುದರ ಹೆಸರನ್ನು ಬಾಯಲ್ಲಿ ಎತ್ತಲೇಬಾರದು. ಎತ್ತಿದರೆ ಕೈಗೆ ಬಂದದ್ದು ಜಾರಿಹೋಗುತ್ತದೆಯಂತೆ. ಮಂತ್ರ ಮಾಟವೆಂದರೆ ಮೂಗು ಮುರಿಯುವ ನಮ್ಮ ಪಾದ್ರಿಯೂ ಆ ದಿನ ಮೂರನೇ ಸಾಲಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು, ಕಾಲ ಮೇಲೆ ಹಾಕಿದ ಕಾಲನ್ನು ಇಳಿಸದೆ ಕುಳಿತಿದ್ದ. ಇಳಿಸಿದರೆ ಏನಾದರೂ ಆದೀತೆಂದು.

ಹದಿನೆಂಟು ಅಡಿ ಉದ್ದದ ಬೆಂಚು. ಎಡತುದಿಯಲ್ಲಿ ರಾಯ್ಸ್ ಒಬ್ಬನೇ. ಉಳಿದವರೆಲ್ಲ ಬಲತುದಿಯಲ್ಲಿ ಒಬ್ಬರ ಮೇಲೊಬ್ಬರು. ಮರೆತು ಅವನ ಪಕ್ಕದ ಚೀಲಕ್ಕೆ ಕೈ ಹಾಕಲು ಹೋದ ಒಬ್ಬನನ್ನು ಓಟಿಸ್ ಬೆಲ್ಟು ಹಿಡಿದು ಹಿಂದಕ್ಕೆಳೆದ. ಹಾರ್ಗೆಟ್ ಬರಲಿಲ್ಲ. ರಾಯ್ಸ್‌ಗೂ ಅದರಿಂದ ಖುಷಿಯೇ ಆಯಿತು. ಅವನೂ ಇದೇ ಆಟದ ಹುಡುಗ. ಈ ಮೌನ ಸಿಗುವುದೇ ಅಪರೂಪ ಎಂದು ಅವನಿಗೆ ಗೊತ್ತಿತ್ತು.

ಆರನೇ ಇನಿಂಗ್ಸ್‌ನಲ್ಲಿ ಒಬ್ಬ ಔಟಾಗಿದ್ದ. ಮುಂದಿನವನಿಗೆ ಎಸೆದ ಮೊದಲ ಚೆಂಡಿಗೆ ಮೊಣಕೈಯ ಒಳಬದಿಯಲ್ಲಿ ಹಳೆಯ ಬಟ್ಟೆ ಹರಿದಂತಾಯಿತು. ಸದ್ದೂ ಬಂತು. ಕೇಳಿಸಿದ್ದು ಅವನಿಗೊಬ್ಬನಿಗೇ. ಕಿರುಬೆರಳು, ಉಂಗುರ ಬೆರಳು ಎರಡೂ ಜೋಮು ಹಿಡಿದವು. ಮುಂದಿನ ಚೆಂಡು ನಿಧಾನಕ್ಕೆ ತೇಲುತ್ತಾ ಹೋಯಿತು. ಅಷ್ಟು ಹೊತ್ತು ಗುಂಡಿನ ವೇಗ ನೋಡಿದ್ದ ಬ್ಯಾಟಿನವನು ಮೊದಲೇ ಬೀಸಿ ಗಾಳಿ ಹೊಡೆದ. ಜನ ಎದ್ದು ಕುಣಿದರು. ಏನು ಉಪಾಯ, ಏನು ಚಾಲಾಕಿ!

ಇನಿಂಗ್ಸ್ ಮುಗಿಸಿ ಬಂದು ರಾಯ್ಸ್ ತೋಳಿನ ಮೇಲೆ ಕೋಟು ಹೊದ್ದು ಕುಳಿತ. ಹಾರ್ಗೆಟ್ ಬರಲಿ ಎಂದು ಕಾದ. ಬಂದು ಕೇಳಿದರೆ ಸಾಕು, ಹೇಳಿಬಿಡುತ್ತಾನೆ. ಹಾರ್ಗೆಟ್ ಬಲತುದಿಯಲ್ಲಿ ನಿಂತು ಮೈದಾನ ನೋಡುತ್ತಿದ್ದ. ಏಳನೆಯದು ಮುಗಿಯಿತು. ಆಗಲೂ ಬರಲಿಲ್ಲ. ರಾಯ್ಸ್ ಓಟಿಸ್‌ನ ಕಡೆ ನೋಡಿದ. ಓಟಿಸ್ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದ.

ಎಂಟನೆಯದು ಮುಗಿದಾಗ ಕೈ ಊದಿ ಅಂಗಿಯ ತೋಳು ಬಿಗಿಯಾಗಿತ್ತು. ಆಗ ರಾಯ್ಸ್ ನಿಯಮವನ್ನೂ ಕಟ್ಟುಪಾಡನ್ನೂ ಒಟ್ಟಿಗೇ ಮುರಿದ. "ಕೋಚ್" ಎಂದು ಕರೆದ.

ಕೂಗಲಿಲ್ಲ, ಪಿಸುಗುಟ್ಟಲೂ ಇಲ್ಲ. ಪಕ್ಕದಲ್ಲಿರುವವರನ್ನು ಕರೆದಂತೆ ಕರೆದ. ಹಾರ್ಗೆಟ್‌ನ ಕತ್ತು ಒಂದಿಷ್ಟು ಅಲುಗಿತು. ಆಮೇಲೆ ಅವನು ನಿಂತಲ್ಲಿಂದ ಹೊರಟು, ಮೂಲೆಯಲ್ಲಿದ್ದ ನೀರಿನ ಪೀಪಾಯಿಯ ಹತ್ತಿರ ಹೋಗಿ, ಇವನಿಗೆ ಬೆನ್ನು ಮಾಡಿ ಒಂದು ಲೋಟ ನೀರು ಕುಡಿದ. ಲೋಟ ತುಂಬಿಸಿಕೊಂಡು ಇನ್ನೊಂದು ಕುಡಿದ. ಆ ಬೆನ್ನು ರಾಯ್ಸ್‌ನ ಕಣ್ಣಿಗೆ ಇವತ್ತಿಗೂ ಕಟ್ಟಿದೆ. ಅಂಗಿಯ ನಂಬರಿನ ಸುತ್ತ ಬೆವರು, ಕಾಲರಿನ ಒಂದು ಕಡೆ ಒಳಕ್ಕೆ ಮಡಚಿಕೊಂಡಿತ್ತು.

ಮತ್ತೆ ಯಾಕೆ ಕೂಗಲಿಲ್ಲ ಎಂದು ಕೇಳುವುದು ಸುಲಭ. ಮೈದಾನದ ತುಂಬ ಜನ ಉಸಿರು ಬಿಗಿಹಿಡಿದು ಕುಳಿತಿದ್ದಾರೆ. ಅಪ್ಪ ಲಾರಿ ತೊಳೆದಿದ್ದಾನೆ. ಒಂದು ಸಲ ಕರೆದಾಗಿದೆ, ಕೋಚ್ ನೀರು ಕುಡಿಯುತ್ತಿದ್ದಾನೆ. ಇಪ್ಪತ್ತೊಂದು ವರ್ಷದವನು ಎರಡನೇ ಸಲ ಕರೆಯುವುದಿಲ್ಲ. ಎದ್ದು ಹೋಗಿ ಎಸೆದ.

ಕೊನೆಯವನು ಹೊಡೆದದ್ದು ನೆಟ್ಟಗೆ ಮೇಲಕ್ಕೆ ಹೋಯಿತು. ಓಟಿಸ್ ಅದರ ಕೆಳಗೆ ನಿಂತು ಹಿಡಿದ. ಇಪ್ಪತ್ತೇಳನೇ ಔಟು. ತಂಡದವರೆಲ್ಲ ಓಡಿ ಬಂದು ರಾಯ್ಸ್‌ನನ್ನು ಕೆಡವಿ ಮೇಲೆ ಬಿದ್ದರು. ಇಪ್ಪತ್ತು ಜನ ಬಿದ್ದ ರಾಶಿಯ ಅಡಿಯಲ್ಲಿ, ತನ್ನದೇ ಮೈಯಡಿ ಸಿಕ್ಕಿದ ಬಲಗೈಯೊಂದಿಗೆ, ಅವನು ಗಂಟಲು ಹರಿಯುವಂತೆ ಕಿರುಚಿದ. ಸಂತೋಷಕ್ಕೆ ಕಿರುಚುತ್ತಿದ್ದಾನೆಂದುಕೊಂಡು ಅವರೂ ಕಿರುಚಿದರು.

ಜೂನ್‌ನಲ್ಲಿ ಒಂದು ತಂಡ ಅವನನ್ನು ಆರಿಸಿತು, ತೀರಾ ಕೊನೆಗೆ. ಉತ್ತರದ ಚಳಿಯೂರಿನಲ್ಲಿ ಹನ್ನೊಂದು ಆಟ ಆಡಿದ. ವೈದ್ಯರು ಮೊಣಕೈ ಕೊಯ್ದು ನೋಡಿ ಹೊಲಿದರು. ಮಾರನೇ ವರ್ಷ ಬಸ್ಸಿನಲ್ಲಿ ಟಾಲ್ಬೆಟ್‌ಗೆ ಮರಳಿದಾಗ ನಿಲ್ದಾಣದಲ್ಲಿ ಕಾಲೇಜಿನ ವಾದ್ಯದವರು ಕಾಯುತ್ತಿದ್ದರು. ಅವತ್ತು ವಾದ್ಯದ ಬದಲು ಒಬ್ಬ ಬಂದು ಬೈದಿದ್ದರೂ ಅವನು ಬದುಕಿಕೊಳ್ಳುತ್ತಿದ್ದ.

ಕಾಲೇಜು ಅವನಿಗೆ ಕೆಲಸ ಕೊಟ್ಟಿತು: ಅದೇ ಮೈದಾನ ನೋಡಿಕೊಳ್ಳುವ ಕೆಲಸ. ಹುಲ್ಲು ಕತ್ತರಿಸಬೇಕು, ಸುಣ್ಣದ ಗೆರೆ ಎಳೆಯಬೇಕು, ಪಿಚರ್ ನಿಂತು ಎಸೆಯುವ ಮಣ್ಣಿನ ದಿಬ್ಬವನ್ನು ಆಟಕ್ಕೊಮ್ಮೆ ಬಡಿದು ಸರಿಪಡಿಸಬೇಕು. ಇರಲು ಮನೆಯನ್ನೂ ಕೊಟ್ಟಿತು, ಮೈದಾನದ ಅಂಚಿನಲ್ಲೇ. ಅಡುಗೆಮನೆಯ ಕಿಟಕಿ ತೆರೆದರೆ ಎದುರಿಗೇ ದಿಬ್ಬ. ಲೋರ್ನಾಳನ್ನು ಮದುವೆಯಾದ. ಮೊಣಕೈ ನೆಟ್ಟಗಾಗುತ್ತಿರಲಿಲ್ಲ, ಅಂಗಿಯ ಕುತ್ತಿಗೆ ಗುಂಡಿಯನ್ನು ಅವಳೇ ಹಾಕುತ್ತಿದ್ದಳು.

ಒಂದು ಸಲ ಬಿಟ್ಟು ಹೋಗಲು ನೋಡಿದರು. ಲೋರ್ನಾಳ ಅಣ್ಣ ಸಮುದ್ರದ ಕಡೆ ಹಡಗು ಕಟ್ಟುವ ಜಾಗದಲ್ಲಿ ಕೆಲಸ ಹುಡುಕಿಟ್ಟಿದ್ದ. ಸುದ್ದಿ ತಿಳಿದದ್ದೇ ತಡ ಪಾದ್ರಿ ಬಂದರು, ಕಾಲೇಜಿನ ದೊಡ್ಡವರು ಬಂದರು, ಕೋಳಿ ಹುರಿದು ತಂದ ಹೆಂಗಸರು ಬಂದರು. ಓಟಿಸ್ ಕಣ್ಣಲ್ಲಿ ನೀರು ತಂದುಕೊಂಡ. "ನೀನು ಹೋಗ್ಬಿಟ್ರೆ ಮೇ ತಿಂಗಳಲ್ಲಿ ನಾವು ಯಾರನ್ನ ತೋರಿಸೋದೋ, ಮಾರಾಯ?"

"ಫೋಟೋ ಇದೆಯಲ್ಲ," ಅಂದಳು ಲೋರ್ನಾ.

"ಫೋಟೋ ಕೈ ಬೀಸುತ್ತಾ, ಮಿಸ್ ಲೋರ್ನಾ?"

ಪೆಟ್ಟಿಗೆ ಬಿಚ್ಚಿ ಬಟ್ಟೆಯನ್ನು ಮತ್ತೆ ಕಪಾಟಿಗೆ ತುಂಬಿದರು. ಊರು ಅವನನ್ನು ಪ್ರೀತಿಸುತ್ತಿತ್ತು. ದ್ವೇಷಿಸಿದ್ದರೆ ಹೊರಟುಬಿಡಬಹುದಿತ್ತು.

ಇನ್ನೊಮ್ಮೆ, ಚರ್ಚಿನ ಗಂಡಸರ ಬೆಳಗಿನ ಊಟದಲ್ಲಿ, ಅವನು ತಡೆಯಲಾರದೆ ನಿಜ ಹೇಳಿದ. "ಆವತ್ತು ಆರನೇ ಇನಿಂಗ್ಸ್‌ನಲ್ಲೇ ನನ್ನ ಕೈ ಹರಿದುಹೋಗಿತ್ತು. ಆಮೇಲಿಂದು ಎಸೆತ ಅಲ್ಲ, ಬೇಡ್ಕೊಂಡಿದ್ದು."

 ಓಟಿಸ್‌ನ ಕೈಯ ಚಮಚ ನಿಂತಿತು. ಎಂಟನೇ ಇನಿಂಗ್ಸ್‌ನಲ್ಲಿ ಆ ಚೆಂಡುಗಳು ಬೆಣ್ಣೆಯಂತೆ ಬಂದು ಕೈಗೆ ಬಿದ್ದದ್ದು ಅವನಿಗೆ ಗೊತ್ತೇ ಇತ್ತು. ಆದರೂ ಮೇಜು ಗುದ್ದಿ ಎದ್ದ. "ಕೇಳಿದ್ರಾ? ಹರಿದ ಕೈಯಲ್ಲಿ! ಹರಿದ ಕೈಯಲ್ಲಿ ಹನ್ನೊಂದು ಜನರನ್ನ ಮಲಗಿಸಿದಾನೆ ಈ ಭೂಪ! ಇಷ್ಟು ವರ್ಷ ಬಾಯಿ ಬಿಡ್ಲಿಲ್ವಲ್ಲೋ!"

ವಾರದೊಳಗೆ ದನದ ಮೇವಿನ ಗಿರಣಿಯ ಗೋಡೆಯ ಮೇಲೆ ಊರವರು ಬರೆಸಿದ್ದ ಅವನ ಚಿತ್ರದ ಕೆಳಗೆ ಇನ್ನೊಂದು ಸಾಲು ಬಂತು: ಹರಿದ ಕೈಯಲ್ಲೇ. ನಿಜವನ್ನೂ ಕತೆ ನುಂಗಿ ದಪ್ಪಗಾಯಿತು.

ಹೇಳದೆ ಉಳಿದದ್ದು ಆ ಒಂದು ಕರೆ ಮಾತ್ರ. ಅದನ್ನು ಲೋರ್ನಾಳಿಗೂ ಹೇಳಲಿಲ್ಲ. ಹೇಗೆ ಹೇಳುವುದು? ಹಾಲಿಸ್ ಸತ್ತಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು ಹಾರ್ಗೆಟ್. ಭಾನುವಾರದ ಊಟಕ್ಕೆ ಬಂದು ರಾಯ್ಸ್‌ನ ಮಗಳಿಗೆ ಲೆಕ್ಕ ಹೇಳಿಕೊಟ್ಟವನೂ ಅವನೇ. ಪ್ರತಿ ಮೇ ತಿಂಗಳಲ್ಲಿ ಊರು ಆ ದಿನವನ್ನು ಆಚರಿಸುವಾಗ ಹಾರ್ಗೆಟ್ ಎದ್ದು ನಿಂತು, "ನಾಲ್ಕು ಇನಿಂಗ್ಸ್ ನಾನು ತುಟಿ ಪಿಟಕ್ ಅನ್ಲಿಲ್ಲ" ಎನ್ನುವನು. ಜನ ಚಪ್ಪಾಳೆ ತಟ್ಟುವರು. ರಾಯ್ಸ್ ತಟ್ಟೆಯಲ್ಲಿನ ಮೀನಿನ ಮುಳ್ಳು ಬಿಡಿಸುತ್ತಿರುವನು.

ಒಂದು ವಿಷಯ ಮಾತ್ರ ಅವನು ಗಮನಿಸಿದ್ದ. ಊರಿನಲ್ಲಿ ನಾಯಿಯೊಂದನ್ನು ಬಿಟ್ಟು ಎಲ್ಲರೂ ಅವನ ಕೈ ವಿಚಾರಿಸುತ್ತಿದ್ದರು. ಹಾರ್ಗೆಟ್ ಟೊಮೆಟೊ ಗಿಡ ವಿಚಾರಿಸುತ್ತಿದ್ದ, ಮಗಳನ್ನು ವಿಚಾರಿಸುತ್ತಿದ್ದ, ಹುಲ್ಲು ಕತ್ತರಿಸುವ ಯಂತ್ರವನ್ನೂ ವಿಚಾರಿಸುತ್ತಿದ್ದ. "ಕೈ ಹೇಗಿದೆ" ಎಂದು ಆ ಶನಿವಾರದ ನಂತರ ಒಮ್ಮೆಯೂ ಕೇಳಲಿಲ್ಲ. ಹಾಗಾದರೆ ಅವನಿಗೆ ಕೇಳಿಸಿತ್ತೇ? ಕೇಳಿಸಿಯೂ ನೀರು ಕುಡಿದನೇ? ರಾಯ್ಸ್‌ಗೆ ಬೇಕಿದ್ದದ್ದು ಕೈಯಲ್ಲ, ಕೈಯ ಆಸೆಯನ್ನು ಅವನು ಎಂದೋ ಬಿಟ್ಟಿದ್ದ. ಈ ಒಂದು ಉತ್ತರ ಬೇಕಿತ್ತು. ಕೇಳುವ ಧೈರ್ಯ ಮಾತ್ರ ಬರಲಿಲ್ಲ. ನೋಡುತ್ತ ನೋಡುತ್ತ ಹಾರ್ಗೆಟ್‌ಗೆ ಎಂಬತ್ತು ದಾಟಿತು, ಹೆಂಡತಿ ಹೋದಳು, ನೆನಪು ಸವೆಯಿತು. ಚರ್ಚಿನವರು ನಡೆಸುವ ವೃದ್ಧರ ಮನೆಗೆ ಅವನನ್ನು ಸೇರಿಸಿದರು. ರಾಯ್ಸ್ ಪ್ರತಿ ಗುರುವಾರ ಹೋಗಿ ಕೂರುತ್ತಿದ್ದ. ಹಾರ್ಗೆಟ್ ಅವನನ್ನು ಒಮ್ಮೆ ಕೊಳಾಯಿಯವನೆಂದುಕೊಂಡ, ಒಮ್ಮೆ ತನ್ನ ತಮ್ಮನೆಂದುಕೊಂಡ. ಉತ್ತರ ಅಲ್ಲಿಗೆ ಮುಗಿಯಿತು ಎಂದು ರಾಯ್ಸ್ ತೀರ್ಮಾನಿಸಿದ.

ಈ ಮೇ ತಿಂಗಳಿಗೆ ನಲವತ್ತು ವರ್ಷ. ಓಟಿಸ್ ತಿಂಗಳಿಂದ ಕಾಲಿಗೆ ಚಕ್ರ ಕಟ್ಟಿಕೊಂಡಿದ್ದ. "ಟಿವಿಯವ್ರು ಬರ್ತಾರೆ. ಪ್ರತಿ ವರ್ಷದ ಹಾಗೆ ಕೆಳಗಿಂದ ಚೆಂಡು ಎಸೆದು ನಗಿಸ್ಬೇಡ. ದಿಬ್ಬದ ಮೇಲಿಂದ, ತಲೆ ಮೇಲಿಂದ, ಒಂದೇ ಒಂದು. ಹಳೇ ಅಂಗಿ ಹಾಕ್ಕೊ. ಬರ್ತಾ ಕೋಚ್‌ನೂ ಕರ್ಕೊಂಡ್ಬಾ, ಗಾಲಿಕುರ್ಚಿ ಹೇಳಿಟ್ಟಿದೀನಿ."

"ಕೈ ಮೇಲೆ ಹೋಗಲ್ಲ ಓಟಿಸ್."

"ಒಂದೇ ಒಂದು ಕಣೋ. ಊರಿಗೋಸ್ಕರ."

ಶನಿವಾರ ಊಟವಾದ ಮೇಲೆ ಲೋರ್ನಾ ಹತ್ತೊಂಬತ್ತನೇ ನಂಬರಿನ ಅಂಗಿಯನ್ನು ಅವನ ಹೊಟ್ಟೆಯ ಮೇಲೆ ಎಳೆದು ಗುಂಡಿ ಹಾಕಿದಳು. "ಬೇಡ ಅನ್ನು," ಅಂದಳು.  ಅವನು ನೋವಿನ ಮಾತ್ರೆ ಎರಡು ನುಂಗಿ ಹೊರಟ.

ವೃದ್ಧರ ಮನೆಯ ಜಗಲಿಯಲ್ಲಿ ಉದ್ದದ ಬೆಂಚಿದೆ. ಹಾರ್ಗೆಟ್ ಅದರ ಬಲತುದಿಯಲ್ಲಿ ಕೋಲು ಹಿಡಿದು ಕುಳಿತು ಎದುರಿನ ಹುಲ್ಲು ನೋಡುತ್ತಿದ್ದ. ಗಾಲಿಕುರ್ಚಿ ತರುತ್ತೇನೆಂದು ದಾದಿ ಯೂಲಾ ಒಳಗೆ ಹೋದಳು. ರಾಯ್ಸ್ ಎಡತುದಿಯಲ್ಲಿ ಕುಳಿತು ಕಾದ.

ಹಾರ್ಗೆಟ್ ತಿರುಗಿ ನೋಡಿದ. ಮುಖವನ್ನಲ್ಲ, ಅಂಗಿಯನ್ನು. ಬಹಳ ಹೊತ್ತು ನೋಡಿದ. ಆಮೇಲೆ ಕೋಲೂರಿ ಎದ್ದು, ಬೆಂಚಿನುದ್ದಕ್ಕೂ ಒಂದೊಂದೇ ಹೆಜ್ಜೆ ಇಡುತ್ತಾ ಬಂದು ರಾಯ್ಸ್‌ನ ಬಲಕ್ಕೆ ಕುಳಿತ. ಎರಡು ಬೆರಳು ಮೊಣಕೈ ಮೇಲೆ ಬಂದವು. ಕಣ್ಣು ಹುಲ್ಲಿನ ಮೇಲೆಯೇ ಇತ್ತು.

"ಕೈ ಹೇಗಿದೆ, ಮಗಾ?"

 ಚೆನ್ನಾಗಿದೆ ಎನ್ನುವುದು ರಾಯ್ಸ್‌ನ ನಾಲಿಗೆಯ ತುದಿಯಲ್ಲಿತ್ತು, ನಲವತ್ತು ವರ್ಷದ ಅಭ್ಯಾಸ. ಆದರೆ ಈ ಮನುಷ್ಯನಿಗೆ ಸುಳ್ಳು ಹೇಳುವಂತಿರಲಿಲ್ಲ.

"ಹರಿದಿದೆ, ಕೋಚ್."

ಬೆರಳುಗಳು ಸೊಟ್ಟ ಮೂಳೆಯನ್ನು ಹುಡುಕಿ ಅಲ್ಲೇ ನಿಂತವು. "ಯಾವಾಗಿಂದ?"

"ಆರನೇ ಇನಿಂಗ್ಸ್‌ನಿಂದ."

"ಮತ್ತೆ ಯಾಕೋ ಹೇಳ್ಲಿಲ್ಲ?" ಮುದುಕನ ದನಿಯಲ್ಲಿ ಹಳೆಯ ಸಿಟ್ಟು ಬಂತು.

"ಕರೆದೆ ಕೋಚ್. ಎಂಟು ಮುಗಿದಾಗ. ನಿಮ್ಮನ್ನ ಕರೆದೆ."

  ಹುಲ್ಲಿನ ಮೇಲೆ ಹಕ್ಕಿಯೊಂದು ಬಂದು ಕೂತು ಹಾರಿಹೋಯಿತು. ಹಾರ್ಗೆಟ್‌ನ ನೆನಪು ಮತ್ತೆ ಎಲ್ಲೋ ಹೊರಟುಹೋಯಿತು, ಇನ್ನು ಸಿಗುವುದಿಲ್ಲ ಎಂದು ರಾಯ್ಸ್ ಅಂದುಕೊಳ್ಳುವಷ್ಟರಲ್ಲಿ ಮುದುಕ ಮೆಲ್ಲಗೆ ಹೇಳಿದ:

"ಎರಡು ಲೋಟ ಕುಡಿದೆ. ಬಾಯಾರಿಕೆ ಇರ್ಲಿಲ್ಲ."

ರಾಯ್ಸ್ ಎಡಗೈಯಿಂದ ಮುಖ ಮುಚ್ಚಿಕೊಂಡು ಅತ್ತ. ಸಿಟ್ಟು ಬರುತ್ತದೆಂದು ಇಷ್ಟು ವರ್ಷ ಹೆದರಿದ್ದ. ಬಂದದ್ದು ಅಳು, ಅಷ್ಟೇ. ಎರಡು ಬೆರಳು ಮೊಣಕೈ ಬಿಟ್ಟು ಕದಲಲಿಲ್ಲ.

"ಸಾಕು ಇವತ್ತಿಗೆ," ಅಂದ ಹಾರ್ಗೆಟ್. "ಕೂತ್ಕೋ." ಗಾಲಿಕುರ್ಚಿ ತಳ್ಳಿಕೊಂಡು ಬಂದ ಯೂಲಾಳ ಕಡೆ ಗದ್ದ ಎತ್ತಿ ಗದರಿದ. "ಏಯ್, ಆ ಎಡಗೈ ಪಿಚರ್‌ಗೆ ಹೇಳು, ಕೈ ಬಿಸಿ ಮಾಡ್ಕೊಳ್ಳಲಿ. ಇವನನ್ನ ತೆಗೀತಿದೀನಿ."

ಯೂಲಾ ಇಬ್ಬರ ಮುಖವನ್ನೂ ನೋಡಿದಳು. ಇಂಥವರ ಜೊತೆ ಇಪ್ಪತ್ತು ವರ್ಷ ಕಳೆದವಳು. "ಆಗ್ಲಿ ಕೋಚ್, ಹೇಳ್ತೀನಿ" ಅಂದು ಕುರ್ಚಿಯನ್ನು ಹಿಂದಕ್ಕೆ ತಿರುಗಿಸಿದಳು.

ಎರಡು ಗಂಟೆಗೆ ರಾಯ್ಸ್‌ನ ಫೋನು ಹೊಡೆದುಕೊಂಡಿತು. ಆ ಕಡೆಯಿಂದ ವಾದ್ಯದ ಸದ್ದು, ಜನರ ಸದ್ದು, ಎಲ್ಲಕ್ಕಿಂತ ಮೇಲೆ ಓಟಿಸ್‌ನ ದನಿ. "ಎಲ್ಲಿ ಸತ್ತೆಯೋ? ಎಲ್ರೂ ಎದ್ದು ನಿಂತ್ಬಿಟ್ಟಿದಾರೆ!"

"ನಾನು ಬರಲ್ಲ ಓಟಿಸ್."

"ಬರಲ್ಲ ಅಂದ್ರೆ?"

"ಕೋಚ್ ನನ್ನ ತೆಗೆದುಬಿಟ್ರು," ಅಂದ ರಾಯ್ಸ್. "ಬೇರೆ ಯಾರಿಗಾದ್ರೂ ಎಸೆಯೋಕೆ ಹೇಳು."